ಗಾಲಿಗೆ ಕೊಟ್ಟ ಕಲ್ಲು

ದೆವ್ವ, ಗಾಳಿ, ಕಾವಲು ದೈವ ಎಂದು ಯಾರಾದರೂ ಮಾತು ತೆಗೆದರೆ ಅವರ ಎದುರಿಗೇ ನಗುತ್ತಿದ್ದವನು ನಾನು. ಮೂವತ್ತು ವರ್ಷ ಲಾರಿ ಓಡಿಸಿದ್ದೇನೆ. ಅಣಶಿ ಘಟ್ಟದಲ್ಲಿ ಕೆಟ್ಟು ನಿಂತ ಲಾರಿಯ ಅಡಿಯಲ್ಲಿ ಒಬ್ಬನೇ ಮಲಗಿ ಬೆಳಗು ಮಾಡಿದ್ದೇನೆ. ಯಾವ ದೆವ್ವವೂ ಬಂದು ನನ್ನನ್ನು ಎಬ್ಬಿಸಲಿಲ್ಲ. ಮೇಲಾಗಿ ನಾವು ತೇರಗಾಂವದ ಲಿಂಗ ಕಟ್ಟಿದ ಮನೆಯವರು. ಕೊರಳಲ್ಲಿ ಲಿಂಗ ಇರುವಾಗ ಕಂಡ ಕಂಡ ಕಲ್ಲಿಗೆ ಕೈ ಮುಗಿಯಬಾರದು ಎಂದು ಅಪ್ಪ ಕಲಿಸಿದ್ದ. ಪಾಠ ಸರಿಯಾಗಿಯೇ ಇತ್ತು. ಅದನ್ನು ಸೊಕ್ಕಿಗೆ ಬಳಸಿಕೊಂಡವನು ನಾನು.

ಈಗ ಹೇಳುವುದನ್ನು ನೀವು ನಂಬಬೇಕೆಂದು ನಾನು ಗೋಗರೆಯುವುದಿಲ್ಲ. ಆದರೆ ಮುದುಕನ ಕಣ್ಣು ಮಂಜಾಗಿತ್ತು, ಏನೋ ಕುಡಿದಿದ್ದ ಎಂದು ಮಾತ್ರ ಹೇಳಬೇಡಿ. ಕುಡಿಯುವ ಚಟ ನನಗಿಲ್ಲ. ನಡೆದದ್ದು ಬೆಳಗಿನ ಎಂಟೂಕಾಲಿನ ಸುಮಾರಿಗೆ, ಎಳೆಬಿಸಿಲಿನಲ್ಲಿ.

ಲಾರಿ ಬಿಟ್ಟ ಮೇಲೆ ಗಣೇಶಗುಡಿಯ ಹತ್ತಿರ, ಕಾಳಿ ಹೊಳೆಯ ದಂಡೆಯ ಒಂದು ಕ್ಯಾಂಪಿನಲ್ಲಿ ಕೆಲಸಕ್ಕೆ ಸೇರಿದ್ದೆ. ಆರು ಮರದ ಕ್ಯಾಬಿನ್ನುಗಳು. ಅವುಗಳ ಕೆಳಗೆ, ಹೊಳೆಯ ಕಡೆಗೆ ಇಳಿಜಾರಾದ ಬಯಲಿನಲ್ಲಿ ಕ್ಯಾರವಾನ್ ನಿಲ್ಲಿಸುವ ಜಾಗ. ಒಳಗೇ ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರುವ ದೊಡ್ಡ ವ್ಯಾನು ಅದು. ಅವು ಬಂದರೆ ಜಾಗ ತೋರಿಸಿ, ಕರೆಂಟಿನ ವಯರು ಕೊಟ್ಟು, ಗಾಲಿಗೆ ಅಡ್ಡ ಮರದ ತುಂಡು ಇಡುವುದು ನನ್ನ ಕೆಲಸ.

ಕ್ಯಾಬಿನ್ನು ಗುಡಿಸಿ ಒರೆಸಲು ಜನಾಬಾಯಿ ಎಂಬ ಹೆಂಗಸು ಬರುತ್ತಿದ್ದಳು. ಅಣಶಿಯಲ್ಲಿ ಹುಟ್ಟಿದವಳು, ಗಂಡ ತೀರಿಹೋಗಿದ್ದ, ಜೋಯಿಡಾ ಕಡೆಯಿಂದ ದಿನವೂ ಎಂಟೂವರೆಯ ಬಸ್ಸಿಗೆ ಬಂದಿಳಿಯುವಳು. ಹೊಳೆಯ ದಂಡೆಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲು ನೆಟ್ಟಿತ್ತು. ಕೆಲಸಕ್ಕೆ ಕೈ ಹಚ್ಚುವ ಮೊದಲು ಆಕೆ ಅದಕ್ಕೆ ಕುಂಕುಮ ಹಚ್ಚಿ, ಡಬ್ಬಿಯ ಮೊದಲ ತುತ್ತು ಅನ್ನ ಇಡುತ್ತಿದ್ದಳು.

“ಜನಾಬಾಯಿ, ನಿಮ್ಮ ದೇವರಿಗೆ ಪಗಾರ ಎಷ್ಟ?” ಎಂದು ನಾನು ಕೆಣಕುತ್ತಿದ್ದೆ.

“ನಿಮಗಿಂತಾ ಕಡಿಮಿ ದಾದಾ. ಆದ್ರ ನಿಮ್ಮಂಗ ಹಗಲೆಲ್ಲಾ ತೂಕಡಸೂದಿಲ್ಲ. ದಂಡಿ ಕಾಯಾಕ ನಿಂತೈತಿ ಅದು.”

ಒಂದು ದಿನ ಸಂಜೆ ಹುಬ್ಬಳ್ಳಿಯಿಂದ ಒಂದು ಕ್ಯಾರವಾನ್ ಬಂತು. ಗಂಡ, ಹೆಂಡತಿ, ಆರು ವರ್ಷದ ಮಗಳು, ಒಬ್ಬ ಅಜ್ಜಿ. ಗಾಲಿಗೆ ಕೊಡಲು ನೋಡಿದರೆ ಮರದ ತುಂಡು ಇರಲಿಲ್ಲ. ಹಿಂದಿನ ವಾರ ಒಣಸೌದೆ ಸಿಗದೆ ನಾನೇ ಅದನ್ನು ಬಚ್ಚಲ ಒಲೆಗೆ ಹಾಕಿದ್ದೆ. ಲಾರಿಯವರಿಗೆ ಇದೆಲ್ಲ ಯಾವ ಲೆಕ್ಕ? ಕಣ್ಣಿಗೆ ಬಿದ್ದ ಕಲ್ಲನ್ನು ಗಾಲಿಗೆ ಕೊಡುವುದು ನಮ್ಮ ರೂಢಿ. ಜನಾಬಾಯಿ ಮನೆಗೆ ಹೋಗಿಯಾಗಿತ್ತು. ಆಕೆಯ ಆ ಕಲ್ಲನ್ನು ಅಲುಗಾಡಿಸಿ ಕಿತ್ತೆ. ಟವೆಲ್ಲಿನಿಂದ ಕುಂಕುಮ ಒರೆಸಿದೆ. ಅರ್ಧ ಹೋಯಿತು, ಅರ್ಧ ಉಳಿಯಿತು. ಭಾರ ಎಷ್ಟಿತ್ತೆಂದರೆ ನಲವತ್ತು ಹೆಜ್ಜೆ ದೂರಕ್ಕೆ ಎರಡು ಸಲ ಕೆಳಗಿಟ್ಟು ದಣಿವಾರಿಸಿಕೊಂಡೆ. ಹೊಳೆಯ ಕಡೆಯ ಗಾಲಿಗೆ ಒತ್ತಿ ಇಟ್ಟೆ.

ಮರುದಿನ ಗಂಡಹೆಂಡತಿ ಇಬ್ಬರೂ ರಾಫ್ಟಿಂಗಿಗೆ ಹೋದರು. ವ್ಯಾನಿನಲ್ಲಿ ಅಜ್ಜಿ ಮತ್ತು ಮೊಮ್ಮಗಳು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಹೊಳೆ ತುಂಬಿ ಹರಿಯುತ್ತಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ, ಹೊಳೆಗೆ ಮುಖ ಮಾಡಿ ಚಹಾ ಕಾಸುತ್ತಿದ್ದೆ. ಕಲ್ಲು ಗಾಲಿಯ ಕೆಳಗೇ ಇತ್ತು. ನೋಡಿದ್ದೇನೆ. ಚಹಾ ಸೋಸಿಕೊಂಡು ತಲೆ ಎತ್ತುವಷ್ಟರಲ್ಲಿ ವ್ಯಾನು ಇಳಿಜಾರಿನಲ್ಲಿ ಹೊರಟಿತ್ತು.

ಕಪ್ಪು ಬಿಸಾಡಿ ಓಡಿದೆ. ಓಡಿ ಮುಟ್ಟುವ ದೂರವಲ್ಲ ಎಂದು ಓಡುವಾಗಲೇ ಗೊತ್ತಿತ್ತು. ಆದರೆ ನೀರಿಗೆ ಇನ್ನೆರಡು ಮಾರು ಇರುವಾಗ ವ್ಯಾನು ನಿಂತಿತು. ಇಳಿಜಾರಿನ ನಡುವೆ, ಗಾಲಿಯ ಮುಂದೆ ಒಂದು ಹರಳೂ ಇಲ್ಲದೆ ನಿಂತಿತು. ಅಜ್ಜಿ ಕಿಟಕಿಯಿಂದ ಇಣುಕಿ, “ಏನೋ ತಮ್ಮಾ, ಎಲ್ಲಿಗೆ ಹೊಂಟೇವಿ?” ಅಂದರು.

“ಇಳೀರಿ ಯವ್ವಾ, ಮೊದಲ ಇಳೀರಿ!”

“ತಡಿ, ಚಪ್ಲಿ ಎಲ್ಲಿ ಅದಾವು...”

“ನಿಮ್ಮ ಚಪ್ಲಿ ಹಾಳಾಗ್ಲಿ!” ಎಂದು ಮಗುವನ್ನು ಎಳೆದುಕೊಂಡೆ, ಅಜ್ಜಿಯ ರಟ್ಟೆ ಹಿಡಿದು ಇಳಿಸಿದೆ. ಅವರ ಎರಡನೆಯ ಕಾಲು ನೆಲಕ್ಕೆ ತಾಗಿತು, ವ್ಯಾನು ಸದ್ದಿಲ್ಲದೆ ಮುಂದೆ ಸರಿದು ಹೊಳೆಗೆ ಬಿತ್ತು. ಹ್ಯಾಂಡ್‌ಬ್ರೇಕಿನ ವಯರು ಕಡಿದುಹೋಗಿತ್ತು ಎಂದು ವ್ಯಾನನ್ನು ಮೇಲೆತ್ತಿದ ಮೆಕ್ಯಾನಿಕ್ ಆಮೇಲೆ ಹೇಳಿದ. ಹಾಗಾದರೆ ಅಷ್ಟು ಹೊತ್ತು ಅದನ್ನು ಹಿಡಿದದ್ದು ಏನು ಎಂದು ಕೇಳಿದೆ. ಅವನು ಬೀಡಿ ಹಚ್ಚಿಕೊಂಡ.

ಮಗುವನ್ನು ಎತ್ತಿಕೊಂಡೇ ತಿರುಗಿ ನೋಡಿದೆ. ಗಾಲಿ ಇದ್ದ ಜಾಗದಲ್ಲಿ ಕಲ್ಲು ಇರಲಿಲ್ಲ. ಅದು ದಂಡೆಯ ಮೇಲೆ ತನ್ನ ಗುಣಿಯಲ್ಲೇ ನೆಟ್ಟಗೆ ನಿಂತಿತ್ತು. ಸುತ್ತ ಮಣ್ಣು ಗಟ್ಟಿಯಾಗಿತ್ತು. ನನ್ನ ಟವೆಲ್ಲು ಉಜ್ಜಿದ ಅರ್ಧ ಕುಂಕುಮ ಹಾಗೇ ಇತ್ತು.

ಇಲ್ಲಿಯವರೆಗಿನದು ವಿಚಿತ್ರ. ಇನ್ನು ಹೇಳುವುದು ನನ್ನ ಪಾಪ.

ಕ್ಯಾಂಪಿನ ಮಾಲಕರು ಓಡಿಬಂದರು, ಕ್ಯಾಬಿನ್ನಿನ ಜನ ಸೇರಿದರು. ಅಷ್ಟರಲ್ಲಿ ಮೇಲಿನ ರಸ್ತೆಯಲ್ಲಿ ಬಸ್ಸು ನಿಂತಿತು. ಡಬ್ಬಿಯ ಚೀಲ ಹಿಡಿದು ಜನಾಬಾಯಿ ಅದರಿಂದ ಇಳಿದದ್ದನ್ನು ನಾನು ನೋಡಿದೆ. ಆಕೆಯೂ ನನ್ನನ್ನು ನೋಡಿದಳು. ಉಳಿದವರ ಕಣ್ಣೆಲ್ಲ ಹೊಳೆಯ ಮೇಲಿತ್ತು.

“ಕಾಕಾ, ಗಾಲಿಗೆ ಏನ್ ಕೊಟ್ಟಿದ್ರಿ?” ಎಂದರು ಮಾಲಕರು.

ಮರದ ತುಂಡು ಸುಟ್ಟದ್ದು ಹೊರಬಿದ್ದರೆ ಕೆಲಸ ಹೋಗುತ್ತಿತ್ತು. “ಆ ಕಲ್ಲ ಕೊಟ್ಟಿದ್ದೆ ಸಾಹೇಬ್ರ. ಗಟ್ಟಿ ಕಲ್ಲು.”

“ಮತ್ತ ಅದು ಅಲ್ಲಿಗೆ ಹೆಂಗ ಹೋತು?”

“ನನಗೇನ್ ಗೊತ್ತರೀ. ದಿನಾ ಅದಕ್ಕ ಕುಂಕುಮಾ ಹಚ್ಚಾಕಿ ಆಕಿ.”

ಅಷ್ಟೇ ಅಂದದ್ದು. ಆಕೆ ತೆಗೆದಳು ಎಂದು ನಾನು ಹೇಳಲಿಲ್ಲ ಎಂದು ಬಹಳ ವರ್ಷ ನನ್ನನ್ನೇ ಸಮಾಧಾನ ಮಾಡಿಕೊಂಡಿದ್ದೆ. ಎಲ್ಲರೂ ಆಕೆಯ ಕಡೆ ತಿರುಗಿದರು. ಜನಾಬಾಯಿ ಏರುದನಿಯಲ್ಲಿ, “ನಾ ಈಗ ಬಸ್ ಇಳದೇನಿ. ದಾದಾ, ನೀವ ನೋಡೀರಿ, ಹೇಳ್ರಿ” ಅಂದಳು.

“ನಾ ಹೊಳಿ ಕಡೆ ನೋಡಾಕತ್ತಿದ್ದೆ ಬಾಯಿ. ನಾ ನೋಡಿಲ್ಲ” ಅಂದೆ.

ಅದೇ ದಿನ ಆಕೆಯ ಕೆಲಸ ಹೋಯಿತು. ಕಲ್ಲಿನ ಹುಚ್ಚಿಗೆ ಒಂದು ಮಗುವನ್ನು ಕೊಲ್ಲಲು ಹೊರಟಿದ್ದವಳು ಎಂಬ ಹೆಸರು ಹೊತ್ತು ಅಣಶಿಗೆ ಹೋದಳು. ಗಣೇಶಗುಡಿಯ ಯಾವ ಹೋಂಸ್ಟೇಯಲ್ಲೂ ಆಕೆಯನ್ನು ಮತ್ತೆ ಸೇರಿಸಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಣಶಿಗೆ ಹೋದೆ. ಅಂಗಳದಲ್ಲಿ ಮುರುಗಲ ಹಣ್ಣಿನ ಸಿಪ್ಪೆಯನ್ನು ಬಿಸಿಲಿಗೆ ಹರವುತ್ತಿದ್ದಳು. ಗುರುತು ಹಿಡಿದಳು, ಕೂರಲು ಚಾಪೆ ಹಾಕಲಿಲ್ಲ.

“ಕಲ್ಲ ಯಾರ ಎತ್ತಿಟ್ರು ಅಂತ ಕೇಳಾಕ ಬಂದ್ರೇನು ದಾದಾ?”

“ಇಲ್ಲ. ಅವತ್ತ ನೀವು ಬಸ್ ಇಳದದ್ದು ನಾ ನೋಡಿದ್ದೆ. ಹೇಳಾಕ ಬಂದೇನಿ.”

ಅವಳು ಸಿಪ್ಪೆ ಹರವುವುದನ್ನು ನಿಲ್ಲಿಸದೆ, “ನಾ ಬಸ್ಸಿನ್ಯಾಗ ಇದ್ದದ್ದು ನನಗ ಗೊತ್ತಿಲ್ಲೇನು? ಗೊತ್ತಿಲ್ದವ್ರ ಮುಂದ ಹೇಳ್ರಿ, ಹೋಗ್ರಿ” ಅಂದಳು.

ಹೋಗಿ ಹೇಳಿದೆ. ಮರದ ತುಂಡು ಸುಟ್ಟದ್ದನ್ನೂ ಹೇಳಿದೆ. ಮಾಲಕರು ನಕ್ಕರು: “ಕಾಕಾ, ಹಂಗಾದ್ರ ಕಲ್ಲ ತಾನ ನಡಕೊಂತ ಹೋತೇನು? ವಯಸ್ಸಾತು ನಿಮಗ, ಮನ್ಯಾಗ ಇರ್ರಿ.” ನನ್ನ ಮಗನೂ ಅದನ್ನೇ ಅಂದ. ಊರ ಕಟ್ಟೆಯಲ್ಲೂ ಅದೇ ಮಾತು. ಆಗ ತಿಳಿಯಿತು, ಇವರಿಗೆಲ್ಲ ಜನಾಬಾಯಿ ತಪ್ಪಿತಸ್ಥಳಾಗಿಯೇ ಇರಬೇಕು. ಆಕೆಯದು ತಪ್ಪಿಲ್ಲ ಎಂದು ಒಪ್ಪಿದರೆ ಕಲ್ಲಿಗೆ ಉತ್ತರ ಹೇಳಬೇಕಾಗುತ್ತದೆ.

ನನ್ನಲ್ಲಿ ಉತ್ತರವಿಲ್ಲ. ಕಲ್ಲು ಹೇಗೆ ಹೋಯಿತೋ, ವ್ಯಾನನ್ನು ಯಾವುದು ಹಿಡಿದು ನಿಲ್ಲಿಸಿತೋ, ಇವತ್ತಿಗೂ ಅರಿಯೆ. ಅರಿಯೆ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ಆದರೆ ಉತ್ತರವಿಲ್ಲದ ಜಾಗದಲ್ಲಿ ಒಬ್ಬ ಬಡ ಹೆಂಗಸಿನ ಹೆಸರು ತುಂಬಿದರೆ ನಾನು ಇನ್ನು ಸುಮ್ಮನಿರುವವನಲ್ಲ. ಕಲ್ಲಿನ ಮಾತನ್ನು ನಂಬುವವರು ನಂಬಿ, ನಗುವವರು ನಗಿ. ನಾನೇ ಎಷ್ಟೋ ಜನರನ್ನು ನೋಡಿ ನಕ್ಕವನು. ಇನ್ನೊಂದು ಮಾತಿದೆ, ಅದರಲ್ಲಿ ವಿಚಿತ್ರವೇನೂ ಇಲ್ಲ, ಅದಕ್ಕೆ ನಗಲು ಬಿಡುವುದಿಲ್ಲ: ವ್ಯಾನು ನೀರಿಗೆ ಬಿದ್ದ ಮೇಲೆ ಬಸ್ಸು ಬಂತು, ಜನಾಬಾಯಿ ಅದರಿಂದ ಇಳಿದಳು, ನಾನು ನೋಡಿದೆ.