ತಿಮಿಂಗಿಲವೂ ಎರಡು ಬೆರಳಗಲದ ಪಟ್ಟಿಯೂ

ತಿಮಿಂಗಿಲ ನೋಡಿದಿರಾ ಎಂದು ಹೊಳೆನರಸೀಪುರದಲ್ಲಿ ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ. ಹೇಗಿತ್ತು ಎಂದರೆ ಮಾತ್ರ ತೊಡಕು. ಕಂಡಷ್ಟೇ ಹೇಳಬೇಕೆಂದರೆ, ನಾನು ಕಂಡದ್ದು ಹಿತ್ತಲ ಬಾಗಿಲಿನಷ್ಟು ಕಪ್ಪು ಬೆನ್ನು, ಅದೂ ಅರ್ಧ ಉಸಿರಿನ ಹೊತ್ತು.

ಕಾರವಾರದಲ್ಲಿ ದೋಣಿ ಹತ್ತಿದವರು ನಾವು ಮನೆಯವರೇ ಒಂಬತ್ತು ಜನ. ಹೊಳೆ ದಡದವರಿಗೆ ನೀರು ಗೊತ್ತು ಎಂಬ ಜಂಬವಿರುತ್ತದೆ. ನಾನು ಹೇಮಾವತಿಯಲ್ಲಿ ಸೊಂಟದ ಆಳದಾಚೆ ಇಳಿದವನಲ್ಲ. ಜಂಬಕ್ಕೆ ಅಷ್ಟು ಆಳ ಸಾಕು. ಜೊತೆಗೆ ಅತ್ತಿಗೆ. ತಾಯಿಯಿಲ್ಲದ ನನ್ನನ್ನು ಆರನೇ ವಯಸ್ಸಿನಿಂದ ಉಣಿಸಿ ಬೆಳೆಸಿದವರು. ಅವರ ತವರು ಕೊಣನೂರು, ಕಾವೇರಿಯ ಮಗ್ಗುಲು. ಮಡಿಲಲ್ಲಿ ಬಾಳೆಲೆಯ ಪೊಟ್ಟಣವಿತ್ತು. ಅದರೊಳಗೆ ಅರಿಶಿನ, ಕುಂಕುಮ, ಹೂವು, ಒಂದು ಹಿಡಿ ಅಕ್ಕಿ. ಕಾವೇರಿ ಕೊನೆಗೆ ಸೇರುವುದು ಸಮುದ್ರವನ್ನೇ ಅಲ್ಲವೇ, ಅಲ್ಲೇ ಬಾಗಿನ ಕೊಡೋಣ ಎಂದು ಅವರ ಆಸೆ. ಕಾವೇರಿ ಸೇರುವುದು ಮೂಡಣ ಕಡಲು, ಇದು ಪಡುವಣ ಎಂಬುದು ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ ನನಗೂ ಹೊಳೆಯಲಿಲ್ಲ.

ದೋಣಿಯವನು ಲೈಫ್ ಜಾಕೆಟ್ ಕೊಟ್ಟರೆ ಅತ್ತಿಗೆ, "ಸೀರೆ ಮುದುರ್ಕತದೆ, ನಂಗ್ಬ್ಯಾಡ ಕಣಪ್ಪ" ಎಂದರು.

"ಬುಡಪ್ಪ, ವಯಸ್ಸಾದೋರು, ಸುಮ್ಕೆ ಕೂತಿರ್ತಾರೆ" ಎಂದು ವಕಾಲತ್ತು ವಹಿಸಿದವನು ನಾನೇ.

ದೋಣಿಯವನು ಎಂಜಿನ್ನಿನಿಂದ ಕೈ ತೆಗೆದ. "ಅಮ್ಮ ಕಟ್ಕೊಳ್ದೆ ದೋಣಿ ಬಿಡೂದಿಲ್ಲ, ಮಾಸ್ತರ್ರೆ." ನನ್ನ ಮಾತಿನ ಧಾಟಿಯಲ್ಲೇ ಕಸುಬು ಗೊತ್ತಾಗಿರಬೇಕು.

"ಎತ್ತಿಗೆ ಜೂಲ್ ಕಟ್ದಂಗ್ ಕಟ್ತಾವ್ನೆ ನೋಡು" ಎಂದು ಗೊಣಗುತ್ತ ಅತ್ತಿಗೆ ಕಟ್ಟಿಸಿಕೊಂಡರು.

ಮೂರು ಡಾಲ್ಫಿನ್ ಕಂಡವು. ಬಂಡೆಯ ಮೇಲೆ ಬಿಳಿ ಹೊಟ್ಟೆಯ ಕಡಲಹದ್ದು ಕೂತಿತ್ತು. ಆಮೇಲೆ ಅವನು ಎಂಜಿನ್ ನಿಲ್ಲಿಸಿ, "ತಿಮಿಂಗ್ಲ. ಅಪರೂಪ. ಯಾರೂ ಏಳ್ಬೇಡಿ" ಎಂದ.

ದೊಡ್ಡವರು ಎದುರು ಬಂದಾಗ ಕೂತಿರುವುದು ನಮ್ಮ ಕಡೆಯವರಿಗೆ ಬಾರದು. ಬೆನ್ನು ಮೇಲೆದ್ದದ್ದೇ ತಡ, ಒಂಬತ್ತೂ ಜನ ಎದ್ದು ಅತ್ತಲೇ ಬಾಗಿ ಕೈಮುಗಿದೆವು. ದೋಣಿ ವಾಲಿತು. ಪೊಟ್ಟಣ ಬಿಡಲು ಬಗ್ಗಿದ್ದ ಅತ್ತಿಗೆಯ ಕಾಲೆರಡೂ ಹಲಗೆ ಬಿಟ್ಟವು. ಹಲಗೆಯ ಮೇಲೆ ಎಡಗಾಲಿನ ಚಪ್ಪಲಿ ಮಾತ್ರ ಉಳಿಯಿತು. ದೋಣಿಯವನು ಹಾರಿ ಬಂದು ಜಾಕೆಟ್ಟಿನ ಬೆನ್ನ ಪಟ್ಟಿಗೆ ಕೈ ಹಾಕಿದ. ಆ ಪಟ್ಟಿ ಎರಡು ಬೆರಳಗಲ, ಕಿತ್ತಳೆ ಬಣ್ಣ, ಅಂಚಿನಲ್ಲಿ ಒಂದು ಎಳೆ ಬಿಟ್ಟಿತ್ತು. ಅವನು ಅವರನ್ನು ಒಳಗೆಳೆದು ಕೂರಿಸಿದ ಮೇಲೂ ನನ್ನ ಕೈಗಳು ಮುಗಿದೇ ಇದ್ದವು.

ಮೊದಲು ಬಾಯಿಬಿಟ್ಟವರು ಅತ್ತಿಗೆಯೇ. "ಪೊಟ್ಣ ನೀರಿಗ್ ಬಿತ್ತಾ?"

ಬಿತ್ತು ಎಂದೆ. ದಡದಲ್ಲಿ ನಾನು ಕೃತಜ್ಞತೆ ಹೇಳಹೋದರೆ ದೋಣಿಯವನು, "ಅದ್ಕೇ ಕಟ್ಟೂಕೆ ಹೇಳಿದ್ದು, ಮಾಸ್ತರ್ರೆ" ಎಂದಷ್ಟೇ ಹೇಳಿ ಮುಂದಿನ ಗುಂಪಿಗೆ ಜಾಕೆಟ್ ಹಂಚತೊಡಗಿದ.

ಬಾಗಿನ ಕೊಟ್ಟ ಕಡಲೇ ಬೇರೆ ಎಂಬುದು ವಾಪಸು ಬರುವಾಗ ನನಗೆ ಹೊಳೆಯಿತು. ಹೆದರುತ್ತಲೇ ಹೇಳಿದೆ.

"ಅಷ್ಟ್ ದೊಡ್ ಮೀನು, ಸುತ್ತಾಕ್ಕಂಡೋಗಿ ಕೊಟ್ಬುಡ್ತದೆ ಬುಡು" ಎಂದರು ಅತ್ತಿಗೆ.

ಈಗ ದೇವಸ್ಥಾನದಲ್ಲಿ ಅವರ ಪಕ್ಕ ನಿಂತರೆ ನಾನು ಒಂದೇ ಕೈ ಎತ್ತುತ್ತೇನೆ. ಇನ್ನೊಂದು ಅವರ ಸೆರಗಿನ ತುದಿಯಲ್ಲಿರುತ್ತದೆ. "ದೇವ್ರಿಗೆ ಒಂದ್ ಕೈಲಿ ಮುಗೀತಾರೇನ್ಲಾ?" ಎಂದು ಬೈಯುತ್ತಾರೆ. ಬೈಯಲು ಅವರಿದ್ದಾರೆ.