ದವಡೆ ಬಿಗಿದರೆ ಏರುವ ಸದ್ದು

ಫೆಬ್ರವರಿ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಇದು ಶುರುವಾದ ಹೊತ್ತೆಂದು ನನ್ನ ಡೈರಿಯಲ್ಲಿದೆ. ಅದು ಶುರುವಾದದ್ದೇ ಆಗಲೋ, ನನಗೆ ಕೇಳಿಸಿದ್ದು ಮಾತ್ರ ಆಗಲೋ, ಇವತ್ತಿಗೂ ಹೇಳಲಾರೆ.

ನಾನು ಬಸವನ ಬಾಗೇವಾಡಿಯ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಸುಟ್ಟ ಮೋಟಾರಿಗೆ ತಂತಿ ಸುತ್ತುವುದು, ಬೇರಿಂಗ್ ಬದಲಿಸುವುದು, ಬಾವಿಯ ದಂಡೆಗೆ ಹೋಗಿ ರೋಗ ಏನೆಂದು ನೋಡಿ ಬರುವುದು. ಅಂಗಡಿಯ ಮಾಲೀಕರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಬೇರಿಂಗ್ ಪರೀಕ್ಷಿಸಲು ಅವರು ಕಲಿಸಿದ ಪದ್ಧತಿ ಒಂದಿದೆ. ಓಡುವ ಮೋಟಾರಿನಲ್ಲಿ ಬೇರಿಂಗ್ ಕೂತ ಜಾಗಕ್ಕೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಬೇಕು. ಆಗ ಒಳಗಿನ ಸದ್ದು ನೇರವಾಗಿ ಎಲುಬಿಗೆ ಬರುತ್ತದೆ. ಒಳ್ಳೆಯ ಬೇರಿಂಗ್ ಮೆತ್ತಗೆ ಗುನುಗುತ್ತದೆ. ಸವೆದದ್ದು ಗರಗರ ಎನ್ನುತ್ತದೆ. ಒಳಗಿನ ಗ್ರೀಸ್ ಒಣಗಿದ್ದರೆ ಸಣ್ಣಗೆ ಕುಂಯ್ ಎಂದು ಕೂಗುತ್ತದೆ.

ಆ ಬೇಸಿಗೆಗೆ ಕಾಕಾ ಇಂಡಿ ಊರಿನಲ್ಲಿ ಇನ್ನೊಂದು ಅಂಗಡಿ ತೆರೆಯುವವರಿದ್ದರು. ಅದನ್ನು ನನ್ನ ಕೈಗೆ ಕೊಡುವ ಮಾತಾಗಿತ್ತು. ನಾನು ಕಾಯುತ್ತಿದ್ದದ್ದು ಅದಕ್ಕೇ.

ಆ ಮಂಗಳವಾರ ಮಸೂತಿ ಎಂಬ ಊರಿನ ಒಂದು ಉಳ್ಳಾಗಡ್ಡಿ ಹೊಲಕ್ಕೆ ಒಬ್ಬನೇ ಹೋಗಿದ್ದೆ. ಮೋಟಾರು ವಿಪರೀತ ಬಿಸಿಯಾಗುತ್ತಿದೆ ಎಂದು ಕರೆಸಿದ್ದರು. ಸ್ಕ್ರೂಡ್ರೈವರ್ ಕಚ್ಚಿದೆ, ಕುಂಯ್ ಎಂದಿತು. ಇನ್ನಷ್ಟು ಗಟ್ಟಿಯಾಗಿ ಕಚ್ಚಿದೆ, ಇನ್ನಷ್ಟು ಕೂಗಿತು.

“ಬೇರಿಂಗ್ ಹೋಗೈತ್ರಿ ಅಕ್ಕಾರ. ಅಂಗಡಿಗೆ ಒಯ್ದು ಬಿಚ್ಚಬೇಕು,” ಎಂದೆ ಹೊಲದೊಡತಿಗೆ.

“ಅರ್ಧಾ ಹೊಲಕ್ಕ ನೀರ ಮುಟ್ಟಿಲ್ಲ. ಈಗ ಒಯ್ದರ ಹೆಂಗಪಾ?”

“ನಾಳಿ ಸಂಜಿಗೆ ತಂದ ಕೂಡಸ್ತೇನ್ರಿ.”

ಮರುದಿನ ಕಾಕಾ ಆ ಬೇರಿಂಗ್‌ಗಳನ್ನು ಕಿತ್ತು, ಬೆರಳಿಗೆ ಸಿಕ್ಕಿಸಿ ತಿರುಗಿಸಿದರು. ಎರಡೂ ಸದ್ದಿಲ್ಲದೆ ಸುತ್ತಿದವು.

“ಬೆಣ್ಣಿ ಹಂಗ ತಿರಗಾಕತ್ತೈತಿ. ಏನ್ ಕೇಳಿದ್ಯೋ ತಮ್ಮಾ ಇದರಾಗ?”

“ಕುಂಯ್ ಅಂತಿತ್ರಿ ಕಾಕಾ.”

“ನಿಮ್ಮವ್ವ ಊಟಕ್ಕ ಕರದಿರಬೇಕು, ನೋಡು.”

ಹೇಗೆ ಕೇಳಿದೆನೆಂದು ತೋರಿಸಲು ಸ್ಕ್ರೂಡ್ರೈವರಿನ ತುದಿಯನ್ನು ಮೇಜಿಗೆ ಊರಿ ಹಿಡಿ ಕಚ್ಚಿದೆ. ಮೇಜೂ ಕುಂಯ್ ಎಂದಿತು. ಸ್ಕ್ರೂಡ್ರೈವರ್ ತೆಗೆದಿಟ್ಟು ಬರೀ ಹಲ್ಲು ಕಚ್ಚಿದೆ. ಆಗಲೂ ಅದೇ ಸದ್ದು. ದವಡೆ ಸಡಿಲ ಬಿಟ್ಟರೆ ತೆಳುವಾಯಿತು, ಆದರೆ ಹೋಗಲಿಲ್ಲ. ಅದು ನನ್ನ ಎಡಗಿವಿಯಲ್ಲಿತ್ತು. ಮಸೂತಿಯ ಮೋಟಾರು ಬಿಸಿಯಾಗುತ್ತಿದ್ದದ್ದು ಸ್ಟಾರ್ಟರಿನಲ್ಲಿ ಸಡಿಲಾದ ಒಂದು ತಂತಿಯಿಂದ ಎಂದು ಆಮೇಲೆ ಹೊಲದಲ್ಲಿ ತಿಳಿಯಿತು.

ಮೋಟಾರನ್ನು ಮರಳಿ ಕೂಡಿಸಲು ಹೋದಾಗ ಉಳ್ಳಾಗಡ್ಡಿಯ ತೊಪ್ಪಲು ಬಾಡಿತ್ತು. “ನಮ್ಮ ಮೋಟಾರಕ್ಕ ಜಡ್ಡ ಇದ್ದಿದ್ದಿಲ್ಲಪಾ. ಮೊದಲ ನಿಂದ ನೀ ತೋರಿಸ್ಕೊ,” ಎಂದರು ಹೊಲದೊಡತಿ. ಅವರು ಸಿಟ್ಟಿನಿಂದ ಅಂದ ಮಾತು ಅದು. ಅದೇ ಸರಿಯಾದ ಸಲಹೆಯಾಗಿತ್ತು.

ಅಂದಿನಿಂದ ಡೈರಿಯಲ್ಲಿ ಒಂದು ಹೊಸ ಪಟ್ಟಿ ಸೇರಿತು. ಕಡಕ್ ರೊಟ್ಟಿ ತಿಂದರೆ ಪ್ರತಿ ಕಡಿತಕ್ಕೂ ಸದ್ದು ಏರುತ್ತದೆ. ದವಡೆಯನ್ನು ಮುಂದಕ್ಕೆ ಚಾಚಿದರೆ ಕಬ್ಬಿಣಕ್ಕೆ ಅರ ಉಜ್ಜಿದಂತೆ ಕೇಳುತ್ತದೆ. ಆಕಳಿಸಿದರೆ ಕೆಲವೊಮ್ಮೆ ಇಳಿಯುತ್ತದೆ, ಕೆಲವೊಮ್ಮೆ ಇಳಿಯುವುದಿಲ್ಲ. ಅವ್ವನಿಗೆ ಹೇಳಿದೆ, ಕಡಕ್ ರೊಟ್ಟಿ ಬೇಡ, ಹಾಲಿನಲ್ಲಿ ನೆನೆಸಿದ್ದು ಕೊಡು ಎಂದು.

“ಹಲ್ಲ ಬಿದ್ದ ಮುದಕರು ಹಿಂಗ ಉಣ್ತಾರ,” ಎಂದಳು. ಆದರೂ ನೆನೆಸಿ ಕೊಟ್ಟಳು. ಮೆತ್ತನೆಯ ರೊಟ್ಟಿ ತಿಂದ ಮೊದಲ ವಾರ ಸದ್ದು ಕಡಿಮೆ ಎಂದು ಬರೆದಿದ್ದೇನೆ. ಎರಡನೆಯ ವಾರ ಊಟ ಬದಲಾಗಿರಲಿಲ್ಲ, ಸದ್ದು ಮತ್ತೆ ಮೊದಲಿನಂತೆ. ಆ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದೆ. ಏನೂ ಹೊಳೆಯಲಿಲ್ಲ.

ಸಿಂದಗಿಯಲ್ಲಿ ಅಕ್ಕನ ಮನೆ ಇದೆ. ಅಲ್ಲಿನ ಕಿವಿ ಡಾಕ್ಟರು ಒಳಗೆ ದೀಪ ಬಿಟ್ಟು ನೋಡಿ, ಕಿವಿ ಸ್ವಚ್ಛ ಇದೆ, ಪರದೆ ಚೆನ್ನಾಗಿದೆ, ಕೇಳುವುದರಲ್ಲೂ ಕೊರತೆ ಇಲ್ಲ ಎಂದರು. ಹಲ್ಲು ಕಚ್ಚಿದರೆ ಏರುತ್ತದೆ ಎಂದಾಗ ಮಾತ್ರ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. “ಹಂಗಾದ್ರ ಒಮ್ಮೆ ಹಲ್ಲಿನ ಡಾಕ್ಟರಿಗೂ ತೋರಸ್ರಿ.”

ಮುದ್ದೇಬಿಹಾಳದ ಹಲ್ಲಿನ ಡಾಕ್ಟರು ಕಾಕಾಗೆ ಗುರುತಿನವರು. ಅವರು ನನ್ನ ಎರಡೂ ಕಿವಿಗಳ ಮುಂದೆ ಬೆರಳಿಟ್ಟು, “ಬಾಯಿ ತಗೀರಿ, ಮುಚ್ಚರಿ,” ಎಂದರು. ಎಡಕ್ಕೆ ಟಿಕ್ ಎಂದಿತು. “ದವಡಿ ಕೀಲು, ಕಿವಿ, ಎರಡೂ ಒಂದ ಗ್ವಾಡಿ ನೆರಿಮನಿ ಇದ್ದಂಗ್ರಿ. ಇಲ್ಲಿ ಬಿಗದ್ರ ಕೆಲವರಿಗೆ ಅಲ್ಲಿ ಸಪ್ಪಳ ಏರತೈತಿ. ಕೆಲವರಿಗೆ ಇಳೀತೈತಿ.”

“ನನಗ್ಯಾಕ ಏರತೈತ್ರಿ?”

“ಅದನ್ನ ನಾ ಖಾತ್ರಿಲೆ ಹೇಳಾಕ ಬರೂದಿಲ್ಲ. ಗಟ್ಟಿ ಏನೂ ಕಚ್ಚಬ್ಯಾಡ್ರಿ. ಬಿಸಿನೀರಾಗ ಅದ್ದಿದ ಅರಿವಿ ಇಡ್ರಿ.”

ದಿನವೂ ಸ್ಕ್ರೂಡ್ರೈವರ್ ಕಚ್ಚುತ್ತೇನೆಂದು ಹೇಳಿದೆ. ಕಚ್ಚಿ ಕಚ್ಚಿ ಹೀಗಾಯಿತೋ, ಹೀಗಾಗಿದ್ದರಿಂದ ಕಚ್ಚುವಾಗ ತಿಳಿಯಿತೋ ಎಂದು ಕೇಳಿದೆ. ಅದಕ್ಕೂ ಖಾತ್ರಿಯಾದ ಉತ್ತರ ಸಿಗಲಿಲ್ಲ.

ಕಚ್ಚುವುದನ್ನು ಬಿಟ್ಟೆ. ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕೇಳತೊಡಗಿದೆ. ಗೊಳಸಂಗಿಯ ಒಂದು ಬಾವಿಯ ಬಳಿ ಹಾಗೆ ಕೇಳುತ್ತಿದ್ದಾಗ ಒಂದು ಉಪಾಯ ಹೊಳೆಯಿತು. ಸುಮ್ಮನೆ ಬಾಯಿ ತೆರೆದು ಮುಚ್ಚಿದೆ. ಒಂದು ಸದ್ದು ಏರಿಳಿಯಿತು, ಇನ್ನೊಂದು ಇದ್ದಲ್ಲೇ ಇತ್ತು. ಏರಿಳಿದದ್ದು ನನ್ನದು, ಇದ್ದಲ್ಲೇ ಇದ್ದದ್ದು ಮೋಟಾರಿನದು. “ಬೇರಿಂಗ್ ಹೋಗೈತಿ,” ಎಂದೆ. ಬಿಚ್ಚಿದಾಗ ಒಳಗಿನ ಗುಂಡು ಒಡೆದಿತ್ತು. ಕಾಕಾ ನಕ್ಕರು: “ಮೋಟಾರಿನ ಮುಂದ ಎಮ್ಮಿ ಮೆಲುಕ ಹಾಕಿದಂಗ ನಿಂತಿರ್ತಿ. ಇರಲಿ, ಇಂಡಿ ಅಂಗಡಿಗೆ ಬಣ್ಣ ಹಚ್ಚಸ್ತೇನಿ.”

ಬಣ್ಣ ಹಚ್ಚಿಸಿದರು. ಅಂಗಡಿ ತೆರೆಯುವ ಮೊದಲು ಅಲ್ಲಿನ ಕೆಲಸ ನೋಡಿಕೊಂಡು ಬರೋಣವೆಂದು ಇಬ್ಬರೂ ಇಂಡಿ ಪಕ್ಕದ ಸಾಲೋಟಗಿಯ ಒಂದು ಲಿಂಬೆ ತೋಟಕ್ಕೆ ಹೋದೆವು. ಹಿಡಿಯನ್ನು ಎಲುಬಿಗೆ ಒತ್ತಿದೆ. ಕುಂಯ್ ಎಂದಿತು. ಬಾಯಿ ತೆರೆದೆ, ಮುಚ್ಚಿದೆ, ದವಡೆ ಚಾಚಿದೆ. ಸದ್ದು ಕದಲಲಿಲ್ಲ. ಹಾಗಾದರೆ ಮೋಟಾರಿನದೇ. ಹೇಳಿಬಿಡಬೇಕೆಂದಿದ್ದೆ, ಅಷ್ಟರಲ್ಲಿ ಕರೆಂಟು ಹೋಯಿತು. ಮೋಟಾರು ನಿಂತಿತು. ಕುಂಯ್ ನಿಲ್ಲಲಿಲ್ಲ.

“ಹೇಳಪಾ,” ಎಂದರು ಕಾಕಾ.

“ಗೊತ್ತಾಗವಲ್ದ್ರಿ ಕಾಕಾ.”

ಕರೆಂಟು ಬರುವ ತನಕ ಇಬ್ಬರೂ ಲಿಂಬೆ ಗಿಡದ ನೆರಳಲ್ಲಿ ಕೂತೆವು. ಬಂದ ಮೇಲೆ ಕಾಕಾ ತಾವೇ ಸ್ಕ್ರೂಡ್ರೈವರ್ ಕಚ್ಚಿ ಕೇಳಿ, “ಚಲೋ ಐತಿ,” ಎಂದರು. ಬರುವಾಗ ಬಸ್ಸಿನಲ್ಲಿ ಇಷ್ಟೇ ಹೇಳಿದರು: “ಗೊತ್ತಾಗವಲ್ದು ಅಂದಿ, ಅದು ಚಲೋ ಆತು. ಆದ್ರ ಗೊತ್ತಾಗೂ ಮಟಾ ಆ ಶಟರ್ ತಗಿಯೂದು ಬ್ಯಾಡ.”

ಇಂಡಿ ಅಂಗಡಿಯ ಶಟರ್ ಇನ್ನೂ ಮುಚ್ಚಿದೆ. ಅಷ್ಟು ದಿನ ದವಡೆಯ ಮಾತು ಕೇಳಿದ ಸದ್ದು ಅಂದು ಯಾಕೆ ಬಗ್ಗಲಿಲ್ಲ, ಮರುದಿನ ರೊಟ್ಟಿಯ ಮುಂದೆ ಕೂತಾಗ ಮತ್ತೆ ಯಾಕೆ ಬಗ್ಗಿತು, ನನಗೆ ತಿಳಿಯುತ್ತಿಲ್ಲ. ಹೀಗೆ ಅಗಿದಾಗ ಏರಿಳಿಯುವ ಸದ್ದು ನಿಮ್ಮ ಕಿವಿಯಲ್ಲೂ ಇದ್ದರೆ, ಅದು ಯಾವಾಗ ದವಡೆಗೆ ಬಗ್ಗುತ್ತದೆ, ಯಾವಾಗ ಬಗ್ಗುವುದಿಲ್ಲ ಎಂಬುದನ್ನು ನೀವು ಗಮನಿಸಿದ್ದರೆ, ದಯವಿಟ್ಟು ಇದನ್ನು ಅಚ್ಚು ಮಾಡಿದವರ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ನಿಮ್ಮ ಕೆಲಸವೂ ಕಿವಿಯ ಮೇಲೆ ನಿಂತಿದ್ದರೆ, ಅದನ್ನು ಹೇಗೆ ನಡೆಸಿಕೊಂಡು ಹೋಗುತ್ತಿದ್ದೀರಿ ಎಂಬುದನ್ನೂ ಬರೆಯಿರಿ.