ಆನಂದೀಬಾಯಿಯವರ ಸ್ವಂತ ತಪ್ಪು

ಜೋರಾಪುರ ಪೇಟೆಯ ಆನಂದೀಬಾಯಿ ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದಾಗ ಕಂಡಕಂಡವರೆಲ್ಲ ಅವರಿಗೊಂದು ಕೆಲಸ ಹುಡುಕಿಕೊಟ್ಟರು. ಭಜನಾ ಮಂಡಳಿಗೆ ಬನ್ನಿ ಎಂದರು, ಹೂಬತ್ತಿ ಹೊಸೆಯಿರಿ ಎಂದರು. ಆನಂದೀಬಾಯಿ ಎಲ್ಲರಿಗೂ ತಲೆಯಾಡಿಸಿ, ದೇವರಮನೆಯ ಪಕ್ಕದ ಕೋಣೆಯಲ್ಲಿ ಮೇಜು ಹಾಕಿಕೊಂಡು ತಂತಿಗಳಿಗೆ ಬೆಸುಗೆ ಹಾಕುತ್ತ ಕೂತರು. ಬಬಲೇಶ್ವರದ ತವರುಮನೆಯಲ್ಲಿ ಅಪ್ಪನ ರೇಡಿಯೊ ಬಿಚ್ಚಿ ಬೈಸಿಕೊಂಡ ಹುಡುಗಿಗೆ ಅರವತ್ತು ದಾಟಿದ ಮೇಲೆ ಅಂತೂ ಬೈಯುವವರಿಲ್ಲದ ಜಾಗ ಸಿಕ್ಕಿತ್ತು.

ಬೈಯುವವರಿರಲಿಲ್ಲ, ನಿಜ. ತಿದ್ದುವವರಿಗೆ ಮಾತ್ರ ಬರವಿರಲಿಲ್ಲ. ಅವರು ಹಾಕಿದ ರಂಗೋಲಿಯ ಎಳೆಯನ್ನು ನಾದಿನಿ ಬಂದಾಗಲೆಲ್ಲ ಸರಿಮಾಡುತ್ತಿದ್ದಳು. ಊಟಕ್ಕೆ ಕೂತರೆ ಗಂಡ ಪ್ರಲ್ಹಾದರಾಯರು ಮೊದಲ ತುತ್ತಿಗೇ ಎಡಗೈಯಿಂದ ಸಾರಿನ ಪಾತ್ರೆಗೆ ಚಿಟಿಕೆ ಉಪ್ಪು ಉದುರಿಸಿ, ಸದ್ದಿಲ್ಲದೆ ಸೌಟಾಡಿಸುತ್ತಿದ್ದರು. ಎಲ್ಲವೂ ಪ್ರೀತಿಯಿಂದಲೇ. ಪ್ರೀತಿಯಿಂದ ತಿದ್ದುವವರ ಮೇಲೆ ಸಿಟ್ಟಾಗುವುದು ಹೇಗೆಂದು ಯಾರೂ ಯಾರಿಗೂ ಕಲಿಸಿಕೊಡುವುದಿಲ್ಲ, ಅದೇ ತೊಂದರೆ.

ಅವರ ಕೈಯಿಂದಾದ ಸಾಮಾನುಗಳಲ್ಲಿ ಹೆಮ್ಮೆಪಡುವಂಥದ್ದು ತಿಕೋಟಾದಲ್ಲಿತ್ತು. ಅಲ್ಲಿಯ ಎಕ್ಸ್‌ಚೇಂಜಿನಲ್ಲಿ ನೌಕರಿ ಮಾಡುತ್ತಿದ್ದಾಗ ರಾಚವ್ವ ಎಂಬ ದ್ರಾಕ್ಷಿ ಬೆಳೆಗಾರ್ತಿ ಅವರಿಗೆ ಗೆಳತಿಯಾಗಿದ್ದಳು. ಹಣ್ಣು ಶೆಡ್ಡಿನ ಬಲೆಗಳ ಮೇಲೆ ಒಣಗಿ ಒಣದ್ರಾಕ್ಷಿಯಾಗುವ ದಿನಗಳಲ್ಲಿ ಗಾಳಿಗೆ ತೇವ ಬಂದರೆ ಕೂಡಲೇ ಸುತ್ತಲಿನ ಪರದೆ ಇಳಿಸಬೇಕು. ತಡವಾದರೆ ಹಣ್ಣು ಕಪ್ಪಾಗಿ ಕೆಡುತ್ತದೆ. ತೇವ ಏರಿದೊಡನೆ ಕೂಗುವ ಒಂದು ಡಬ್ಬಿಯನ್ನು ಆನಂದೀಬಾಯಿ ಮಾಡಿಕೊಟ್ಟಿದ್ದರು. ಹೋದ ಹಂಗಾಮಿನಲ್ಲಿ ಅದು ಕೂಗಿ ಕೂಗಿ ರಾಚವ್ವನ ಮಾಲು ಉಳಿಸಿತ್ತು.

ಆದರೆ ಆ ಹೆಮ್ಮೆಯಲ್ಲೊಂದು ಮುಳ್ಳು. ಡಬ್ಬಿಯೊಳಗಿನ ಚಿಪ್ಪಿಗೆ ಪ್ರೋಗ್ರಾಂ ತುಂಬುವ ಉಪಕರಣ ಅವರ ಬಳಿ ಇರಲಿಲ್ಲ. ಬರೆದ ಪ್ರೋಗ್ರಾಮನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು, ಸಿದ್ಧೇಶ್ವರ ಗುಡಿಯ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದ ಮೈದುನ ನಂದಕಿಶೋರನ ಬಳಿ ಹೋಗಿದ್ದರು. ಅವನು ಅದನ್ನು ಚಿಪ್ಪಿಗೆ ತುಂಬಿ, ಚಿಪ್ಪನ್ನು ಡಬ್ಬಿಯ ಸರ್ಕಿಟ್ ಹಲಗೆಗೆ ಬೆಸೆದು, ನಗುತ್ತ ಕೈಗಿಟ್ಟಿದ್ದ.

“ವೈನಿ, ಸಣ್ಣದೊಂದು ತಪ್ಪಿತ್ತು. ತಿದ್ದೀನಿ.”

“ಏನು ತಿದ್ದಿದಿ?”

“ಅದೆಲ್ಲಾ ನಿಮಗ್ಯಾಕ್ರಿ? ಈಗ ಚೊಲೋ ನಡೀತದ.”

ಮತ್ತೆ ಕೇಳಿದಾಗ ಅವನಿಗೆ ನೆನಪೇ ಇರಲಿಲ್ಲ. ಅಂದಿನಿಂದ ರಾಚವ್ವ ಬಂದುಹೋದವರಿಗೆಲ್ಲ ಡಬ್ಬಿ ತೋರಿಸಿ ಇದು ನಮ್ಮ ಅಕ್ಕಾರು ಮಾಡಿದ್ದು ಎಂದು ಹೊಗಳುವಾಗ ಆನಂದೀಬಾಯಿಗೆ ಮುಖ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಡಬ್ಬಿ ತನ್ನದೋ, ಮೈದುನನದೋ? ಅದೊಂದು ಖಚಿತವಾಗದೆ ಅವರಿಗೆ ಬೇರೇನನ್ನೂ ಮಾಡುವ ಮನಸ್ಸಾಗಲಿಲ್ಲ. ಚಿಪ್ಪಿಗೆ ತುಂಬುವ ಆ ಉಪಕರಣವನ್ನೇ, ತಮ್ಮದೇ ಒಂದು ಚಿಪ್ ಪ್ರೋಗ್ರಾಮರನ್ನು, ಕೊಳ್ಳಬೇಕೆಂದು ನಿಶ್ಚಯಿಸಿದರು.

ಆರಿಸುವುದೇನು ಸುಲಭವೇ? ಸಾವಿರಾರು ಬಗೆಯ ಚಿಪ್ಪು ಬಲ್ಲೆನೆಂದು ಕೊಚ್ಚಿಕೊಳ್ಳುವ ದೊಡ್ಡ ಯಂತ್ರವೊಂದಿತ್ತು. ಅದಕ್ಕೆ ಪಿಂಚಣಿ ಸಾಲದು. ಪುಕ್ಕಟೆ ಎನ್ನುವಷ್ಟು ಅಗ್ಗದ ಪ್ರೋಗ್ರಾಮರ್ ಹಲಗೆಗಳೂ ಇದ್ದವು. ಅವುಗಳ ಗೂಡಿನಲ್ಲಿ ಚಿಪ್ಪನ್ನು ಬಿಡಿಯಾಗಿ ಕೂಡಿಸಬೇಕು, ರಾಚವ್ವನ ಡಬ್ಬಿಯಲ್ಲಿ ಅದು ಬೆಸೆದುಕೊಂಡು ಕೂತಿದೆ. ಮೊಬೈಲ್ ನೋಡಿ ನೋಡಿ ಕಣ್ಣು ಉರಿ ಬಂದ ಮೇಲೆ ಒಂದು ಮಾತು ಹೊಳೆಯಿತು. ಯಂತ್ರಕ್ಕೆ ಎಷ್ಟು ಚಿಪ್ಪು ಗೊತ್ತು ಎಂದು ಕೇಳುವುದಕ್ಕಿಂತ ತಾನು ಬಳಸುವುದು ಯಾವ ಚಿಪ್ಪು ಎಂದು ಕೇಳಿಕೊಂಡರೆ ಸಾಕಲ್ಲ! ಅವರು ಬಳಸುವುದು ಒಂದೇ ಜಾತಿಯದು. ಆ ಜಾತಿಗೆ ಮಾತ್ರ ಹೊಂದುವ, ಚಿಪ್ಪು ಇದ್ದಲ್ಲಿಗೇ ತಂತಿ ಸಿಕ್ಕಿಸಿ ಬರೆಯುವ, ಬರೆದದ್ದನ್ನು ತಿರುಗಿ ಓದಲೂ ಬಲ್ಲ ಹೆಬ್ಬೆರಳುದ್ದದ ಉಪಕರಣ ಸಿಕ್ಕಿತು. ನಿತ್ಯ ಉಡುವ ಸೀರೆಗಿಂತ ಅಗ್ಗ. ಅವರಿಗೆ ಮುಖ್ಯವಾದದ್ದು ಆ ಓದುವ ಗುಣ. ನಂದಕಿಶೋರ ತಿದ್ದಿದ್ದು ಏನೆಂದು ಚಿಪ್ಪೇ ಹೇಳಲಿ ಎಂದುಕೊಂಡರು.

ಪಾರ್ಸಲ್ ಬಂದ ಮರುದಿನ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ತಿಕೋಟಾದ ಬಸ್ಸು ಹತ್ತಿದರು. ಶೆಡ್ಡಿನ ನೆರಳಲ್ಲಿ ಡಬ್ಬಿ ಬಿಚ್ಚಿ ತಂತಿ ಸಿಕ್ಕಿಸಿದರೆ ಚಿಪ್ಪು ಬಾಯಿಯೇ ಬಿಡಲಿಲ್ಲ. ಬೇರೆಯವರು ನಕಲು ಮಾಡದಿರಲೆಂದು ಅಂಗಡಿಯವರು ಹಾಕುವ ಬೀಗವನ್ನು ನಂದಕಿಶೋರ ರೂಢಿಯಂತೆ ಇದಕ್ಕೂ ಹಾಕಿದ್ದ. ಬೀಗ ತಡೆಯುವುದು ಓದುವುದನ್ನಷ್ಟೇ, ಅಳಿಸುವುದನ್ನಲ್ಲ; ಇನ್ನು ಉಳಿದದ್ದು ಅದೊಂದೇ ದಾರಿ. ಅವನದನ್ನು ಅಳಿಸಿ, ತಾವು ಮೊದಲು ಬರೆದಿದ್ದನ್ನು ತುಂಬಿ ನೋಡಬೇಕು. ಅಳಿಸಿದ್ದು ತಿರುಗಿ ಬರುವುದಿಲ್ಲ. ಬಲೆಗಳ ಮೇಲೆ ಹೊಸ ಮಾಲಿತ್ತು, ಪಶ್ಚಿಮಕ್ಕೆ ಮೋಡ ಕಟ್ಟುತ್ತಿತ್ತು. ಆನಂದೀಬಾಯಿ ಏನೂ ಮುಚ್ಚಿಡದೆ ರಾಚವ್ವನಿಗೆ ಎಲ್ಲ ಹೇಳಿದರು, ಬೇಡವೆಂದರೆ ಈಗಲೇ ಡಬ್ಬಿ ಮುಚ್ಚುತ್ತೇನೆ ಎಂದರು.

ರಾಚವ್ವ ಒಮ್ಮೆ ಮೋಡ ನೋಡಿದಳು, ಒಮ್ಮೆ ಗೆಳತಿಯ ಮುಖ ನೋಡಿದಳು. “ನಿಮ್ಮ ಕೈಲೆ ಆಗೇತಂತನ ನಾ ಇದನ್ನ ಇಟ್ಕೊಂಡೀನ್ರಿ ಅಕ್ಕಾರ. ಅಳಸ್ರಿ.”

ಅಳಿಸಿದರು, ಬರೆದರು. ಬರೆದದ್ದೆಲ್ಲ ಸರಿಯಾಗಿ ಕೂತಿದೆ ಎಂದು ಉಪಕರಣ ತಿಳಿಸಿತು. ಬರೆದದ್ದೇ ಸರಿಯಿದೆಯೋ ಇಲ್ಲವೋ ಎಂಬುದು ಪಾಪ, ಅದಕ್ಕೇನು ಗೊತ್ತು? ಆ ಒಣ ಮಧ್ಯಾಹ್ನದಲ್ಲಿ ಡಬ್ಬಿ ಕಿವಿ ಹರಿಯುವಂತೆ ಕೂಗತೊಡಗಿತು. ಒದ್ದೆ ಪಂಚೆ ಹತ್ತಿರ ಹಿಡಿದರೆ ತೆಪ್ಪಗಾಯಿತು. ಪಂಚೆ ತೆಗೆದರೆ ಮತ್ತೆ ಬೊಬ್ಬೆ. ರಾಚವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ.

ಆನಂದೀಬಾಯಿಗೆ ಅಳು ಬಂದಂತಾಯಿತು. ಹೋದ ಹಂಗಾಮಿನಲ್ಲಿ ಮಾಲು ಉಳಿಸಿದ್ದು ಹಾಗಾದರೆ ಮೈದುನನೇ. ಫೋನು ತೆಗೆದು ಅವನ ನಂಬರು ಹುಡುಕಿದರು. ಕೇಳಿದರೆ ಅವನು ಪೆನ್ ಡ್ರೈವ್ ತನ್ನಿ ವೈನಿ ಎನ್ನುತ್ತಾನೆ, ಸರಿಮಾಡಿಯೂ ಕೊಡುತ್ತಾನೆ. ಮತ್ತೆ ಅದೇ ಕಥೆ. ಫೋನನ್ನು ಚೀಲದಲ್ಲಿಟ್ಟು, ಕನ್ನಡಕ ಒರೆಸಿಕೊಂಡು, ತಾವು ಬರೆದದ್ದನ್ನು ಮೊದಲ ಸಾಲಿನಿಂದ ಓದಲು ಕೂತರು. ಮೋಡ ಹತ್ತಿರವಾಗುತ್ತಿತ್ತು. ರಾಚವ್ವ ಹೋಗಿ ಪರದೆಗಳ ಹಗ್ಗ ಸಡಿಲಿಸಿಟ್ಟು ಬಂದಳು.

ನಡುವೆ ಎಲ್ಲೋ ಸಿಕ್ಕಿತು. ತೇವ ಇಷ್ಟಕ್ಕಿಂತ ಹೆಚ್ಚಾದರೆ ಕೂಗು ಎನ್ನಬೇಕಾದಲ್ಲಿ ಅವರು ಕಡಿಮೆಯಾದರೆ ಕೂಗು ಎಂದು ಬರೆದಿದ್ದರು. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ಯಾಕೆಂದು ಅವರಿಗೇ ತಿಳಿಯದೆ, ಸಂತೋಷವಾಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವರ ತಪ್ಪು ಬೇರೆಯವರ ಕೈಗೆ ಹೋಗುವ ಮೊದಲು ಅವರ ಕೈಗೇ ಸಿಕ್ಕಿತ್ತು. ತಿದ್ದಿ, ತುಂಬಿ, ಪಂಚೆ ಹಿಡಿದರು. ಡಬ್ಬಿ ಕೂಗಿತು. ತೆಗೆದರು, ಸುಮ್ಮನಾಯಿತು.

“ಈಗ ಖರೇನ ನಿಮ್ದಾತು ನೋಡ್ರಿ,” ಎಂದಳು ರಾಚವ್ವ.

ಬಸ್ಸಿಗೆ ಹೊರಡುವ ಮೊದಲೇ ತೇವದ ತಂಗಾಳಿ ಬೀಸಿ ಡಬ್ಬಿ ತಾನಾಗಿ ಕೂಗಿತು. ಇಬ್ಬರೂ ಕೂಡಿ ಪರದೆ ಇಳಿಸಿದರು. ಊರಿಗೆ ಬಂದವರೇ ಆನಂದೀಬಾಯಿ ನಂದಕಿಶೋರನ ಅಂಗಡಿಗೆ ಹೋಗಿ, ಅವನು ತಿದ್ದಿದ್ದು ಸರಿಯೇ ಇತ್ತೆಂದು ಹೇಳಿ ಮನೆಗೆ ಹೋದರು.

ಊಟಕ್ಕೆ ಕೂತಾಗ ಪ್ರಲ್ಹಾದರಾಯರ ಎಡಗೈ ಎಂದಿನಂತೆ ಉಪ್ಪಿನ ಡಬ್ಬಿಗೆ ಚಾಚಿತು. ಆನಂದೀಬಾಯಿ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಏನು ಕಡಿಮಿ ಆಗ್ಯದ, ಬಾಯಿಬಿಟ್ಟು ಹೇಳ್ರಿ. ನಾ ಹಾಕ್ತೀನಿ.”

ರಾಯರು ತಬ್ಬಿಬ್ಬಾಗಿ, ಉಪ್ಪು ಎಂದರು. ಆನಂದೀಬಾಯಿ ಒಂದಿಷ್ಟು ಸಾರನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡಿದರು. ಕಡಿಮೆಯೇ ಇತ್ತು. ಚಿಟಿಕೆ ಉಪ್ಪು ಹಾಕಿ ತಾವೇ ಸೌಟಾಡಿಸಿದರು.